ಉಪ್ಪಿನ ಡಬ್ಬಿ ಹಿಡಿದ ಡಾಕ್ಟರು

ಈ ಸಲದ ಪತ್ರಗಳಲ್ಲಿ ಹಳೇ ಸೈನ್ಸ್ ಫಿಕ್ಷನ್ ಸೀರಿಯಲ್ಲುಗಳದ್ದೇ ಮಾತು ಜಾಸ್ತಿ. ನನಗೆ ಇದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ. ವರ್ಷಗಟ್ಟಲೆ ಧ್ವನಿ ಸಂಕಲನದ ಮೇಜಿನ ಮುಂದೆ ಕೂತು ಟೇಪು ಕತ್ತರಿಸಿದವಳು ನಾನು. ಹಾಗಾಗಿ ಕಣ್ಣಿಗೆ ಕಂಡದ್ದರ ಜೊತೆಗೆ ಕಿವಿಗೆ ಬಿದ್ದದ್ದನ್ನೂ ಹೇಳುತ್ತೇನೆ.

ಪ್ರಶ್ನೆ: ಮೇಡಂ, ಚಿಕ್ಕವನಿದ್ದಾಗ ಉಸಿರು ಬಿಗಿಹಿಡಿದು ನೋಡುತ್ತಿದ್ದ ‘ಸ್ಟಾರ್ ಟ್ರೆಕ್’ ಅನ್ನು ಮೂವತ್ತು ವರ್ಷದ ಮೇಲೆ ಮತ್ತೆ ಹಾಕಿದೆ. ಬಂಡೆಗಳೆಲ್ಲ ಟೊಳ್ಳು, ಗೋಡೆಗಳೆಲ್ಲ ಪ್ಲೈವುಡ್ ಅನಿಸಿತು. ಎರಡನೇ ಎಪಿಸೋಡಿಗೇ ನಿಲ್ಲಿಸಿಬಿಟ್ಟೆ. ನೆನಪಿನಲ್ಲೇ ಇರಲಿ ಅಂತ ಬಿಡಬೇಕಿತ್ತಾ?

ಉತ್ತರ: ಬಿಡಬೇಕಿರಲಿಲ್ಲ. ಎರಡಕ್ಕೇ ನಿಲ್ಲಿಸಬಾರದಿತ್ತು, ಅಷ್ಟೆ. ಬಂಡೆ ಟೊಳ್ಳು ಅಂತ ಗೊತ್ತಾಗುವಷ್ಟು ನಿಮ್ಮ ಕಣ್ಣು ಪಳಗಿದೆ. ಅದೇ ಕಣ್ಣಿನಲ್ಲಿ ಇನ್ನೂ ಸ್ವಲ್ಪ ಹತ್ತಿರ ಹೋಗಿ ನೋಡಿ. ಆ ಬಂಡೆಯನ್ನು ಯಾರೋ ಮಾಡಿದ್ದಾರಲ್ವಾ? ಯಾಕೆ ಹಾಗೆ ಮಾಡಿದರು?

ಒಂದು ಉದಾಹರಣೆ ಹೇಳುತ್ತೇನೆ. 1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಮೊದಲು ಪ್ರಸಾರವಾದ ಎಪಿಸೋಡ್ ‘ದ ಮ್ಯಾನ್ ಟ್ರ್ಯಾಪ್’. ಮನುಷ್ಯರ ಮೈಯಿಂದ ಉಪ್ಪು ಹೀರುವ ಪ್ರಾಣಿಯ ಕಥೆ. ಅದಕ್ಕೆ ಉಪ್ಪಿನ ಡಬ್ಬಿಗಳು ಬೇಕಾದವು. ಭವಿಷ್ಯದ ಕಾಲದವು ಅನಿಸಬೇಕೆಂದು ವಿಚಿತ್ರ ಆಕಾರದ ಡಬ್ಬಿಗಳನ್ನು ಹುಡುಕಿ ತಂದರು. ಆಮೇಲೆ ನೋಡಿದರೆ, ಅದು ಉಪ್ಪಿನ ಡಬ್ಬಿ ಅಂತ ಯಾರಿಗೂ ಗೊತ್ತಾಗುವ ಹಾಗಿಲ್ಲ! ಕೊನೆಗೆ ಮಾಮೂಲಿ ಡಬ್ಬಿಯನ್ನೇ ಇಟ್ಟು ಶೂಟಿಂಗ್ ಮುಗಿಸಿದರು. ತಂದದ್ದನ್ನು ಎಸೆಯಲಿಲ್ಲ. ಅವು ಕಥೆಯ ಬಾಹ್ಯಾಕಾಶ ಹಡಗಿನ ಡಾಕ್ಟರ್ ಮೆಕಾಯ್ ಕೈಗೆ ಶಸ್ತ್ರಚಿಕಿತ್ಸೆಯ ಸಲಕರಣೆಗಳಾಗಿ ಹೋದವು.

ಇದು ಗೊತ್ತಾದ ಮೇಲೆ ನಾನು ಮೆಕಾಯ್ ಬರುವ ದೃಶ್ಯಗಳನ್ನು ಮತ್ತೆ ನೋಡಿದೆ. ಆ ಪಾತ್ರದ ನಟ ಡಿಫಾರೆಸ್ಟ್ ಕೆಲ್ಲಿ ಆ ಪುಟ್ಟ ಡಬ್ಬಿಯನ್ನು ಎರಡು ಬೆರಳಲ್ಲಿ ಹಗುರಾಗಿ ಹಿಡಿಯುತ್ತಾರೆ. ಅವರ ಕಣ್ಣು ಡಬ್ಬಿಯ ಮೇಲಿಲ್ಲ, ರೋಗಿಯ ಮುಖದ ಮೇಲಿದೆ. ಆ ನೋಟದಿಂದಲೇ ಡಬ್ಬಿ ಸಲಕರಣೆ ಆಗುತ್ತದೆ. ಹುಡುಗನಾಗಿದ್ದಾಗ ನೀವು ನಂಬಿದ್ದು ಆ ನೋಟವನ್ನು. ಅದು ಈಗಲೂ ಹಾಗೇ ಇದೆ.

ಹಡಗಿನಿಂದ ಗ್ರಹಕ್ಕೆ ಜನರನ್ನು ಕ್ಷಣದಲ್ಲಿ ಕಳಿಸುವ ಯಂತ್ರ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದೂ ಹೀಗೆಯೇ. ಪ್ರತಿ ವಾರ ಹಡಗನ್ನು ಒಂದೊಂದು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ದುಡ್ಡಿರಲಿಲ್ಲ. ಅದಕ್ಕೇ ಜನರನ್ನು ಬೆಳಕಾಗಿ ಕರಗಿಸಿ ಕೆಳಗೆ ಕಳಿಸಿದರು. ಮಿನುಗುವ ಆ ಬೆಳಕು ಏನು ಗೊತ್ತಾ? ಜೋರು ಬೆಳಕಿನಲ್ಲಿ ಉದುರಿಸಿದ ಅಲ್ಯುಮಿನಿಯಂ ಪುಡಿ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ಸ್ಲೋಮೋಷನ್‌ನಲ್ಲಿ ಚಿತ್ರಿಸಿದ್ದು.

ಈಗ ಮೂರನೇ ಎಪಿಸೋಡಾಗಿ ‘ಬ್ಯಾಲೆನ್ಸ್ ಆಫ್ ಟೆರರ್’ ನೋಡಿ. ಅದರಲ್ಲಿ ಬಂಡೆಯೇ ಇಲ್ಲ. ಹೆಚ್ಚುಕಡಿಮೆ ಎರಡು ಹಡಗುಗಳ ಒಳಗೇ ಇಡೀ ಕಥೆ ನಡೆಯುತ್ತದೆ. ಒಬ್ಬರನ್ನೊಬ್ಬರು ನೋಡಲಾಗದೆ ಕಾಯುತ್ತಿರುವ ಇಬ್ಬರು ನಾಯಕರು, ಬರೀ ಮುಖಗಳು. ಒಂದು ಸಲಕ್ಕೆ ಒಂದೇ ನೋಡಿ, ದಯವಿಟ್ಟು. ವಾರವಿಡೀ ಕಾದು ನೋಡುವವರಿಗಾಗಿ ಮಾಡಿದ್ದು ಅದು. ಸಾಲಾಗಿ ನಾಲ್ಕು ನೋಡಿದರೆ ಎಂಥ ಕಥೆಯೂ ಸಪ್ಪೆಯಾಗುತ್ತದೆ.

ಪ್ರಶ್ನೆ: ಹೊಸ ಗ್ರಾಫಿಕ್ಸ್ ಹಾಕಿದ ಆವೃತ್ತಿ ನೋಡಬೇಕಾ, ಹಳೆಯದನ್ನೇ ನೋಡಬೇಕಾ? ‘ಬ್ಲೇಡ್ ರನ್ನರ್’ ಸಿನಿಮಾಗಂತೂ ಎಷ್ಟು ಆವೃತ್ತಿಗಳಿವೆಯೋ ಲೆಕ್ಕವೇ ಸಿಗುತ್ತಿಲ್ಲ.

ಉತ್ತರ: ‘ಸ್ಟಾರ್ ಟ್ರೆಕ್’ಗೆ 2006ರಿಂದ ಕಂಪ್ಯೂಟರ್ ಗ್ರಾಫಿಕ್ಸ್ ಸೇರಿಸಿದರು. ಬ್ಲೂ-ರೇ ಡಿಸ್ಕಿನಲ್ಲಿ ಎರಡೂ ಇವೆ, ಬೇಕಾದ್ದನ್ನು ಆರಿಸಬಹುದು. ನಾನು ಹಳೆಯದನ್ನೇ ಆರಿಸುತ್ತೇನೆ. ಆ ಸೀರಿಯಲ್ಲಿನ ಎಂಟರ್‌ಪ್ರೈಸ್ ಹಡಗು ಹನ್ನೊಂದು ಅಡಿ ಉದ್ದದ ನಿಜವಾದ ಮಾದರಿ. ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ದೀಪದ ಬೆಳಕು ನಿಜವಾಗಿ ಅದರ ಮೈಮೇಲೆ ಬಿದ್ದಿತ್ತು. ಹೊಸ ಗ್ರಾಫಿಕ್ಸ್ ಅಚ್ಚುಕಟ್ಟಾಗಿದೆ, ಆದರೆ ಸುತ್ತಲಿನ ಚಿತ್ರದ ಜೊತೆ ಬೆರೆಯುವುದಿಲ್ಲ.

‘ಬ್ಲೇಡ್ ರನ್ನರ್’ನಲ್ಲಿ ಮುಖ್ಯವಾದವು ಮೂರು. 1982ರಲ್ಲಿ ಥಿಯೇಟರಿಗೆ ಬಂದದ್ದರಲ್ಲಿ ನಾಯಕ ಹಿನ್ನೆಲೆಯಲ್ಲಿ ಕಥೆ ಹೇಳುತ್ತಾನೆ. 1992ರ ಡೈರೆಕ್ಟರ್ಸ್ ಕಟ್‌ನಲ್ಲಿ ಆ ಮಾತು ಇಲ್ಲ. 2007ರಲ್ಲಿ ಫೈನಲ್ ಕಟ್ ಬಂತು. ಮೊದಲ ಸಲ ನೋಡುವವರಿಗೆ ಫೈನಲ್ ಕಟ್ ಸಾಕು. ಮೌನ ಇರಬೇಕಾದ ಕಡೆ ಅದರಲ್ಲಿ ಮೌನ ಇದೆ.

ಒಂದು ವಿಷಯ ಮಾತ್ರ. ಮಳೆಯಲ್ಲಿ ಕೃತಕ ಮನುಷ್ಯ ರಾಯ್ ಬ್ಯಾಟಿ ಸಾಯುವಾಗ ಅವನ ಕೈಯಿಂದ ಪಾರಿವಾಳ ಹಾರಿಹೋಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದು ಹಾರುವುದು ತಿಳಿಯಾದ ನೀಲಿ ಆಕಾಶಕ್ಕೆ. ಸುರಿಯುವ ಮಳೆಯ ಇರುಳಲ್ಲಿ ನೀಲಿ ಆಕಾಶ ಎಲ್ಲಿಂದ ಬಂತು? ತಪ್ಪೇ ಅದು. ಫೈನಲ್ ಕಟ್‌ನಲ್ಲಿ ಸರಿಮಾಡಿ ಕತ್ತಲ ಆಕಾಶ ಕೊಟ್ಟಿದ್ದಾರೆ. ನನಗೆ ಮಾತ್ರ ಆ ನೀಲಿಯೇ ಬೇಕು. ಸಿನಿಮಾದಲ್ಲಿ ಹೆಚ್ಚುಕಡಿಮೆ ಕಾಣದ ಹಗಲು ಆ ಹಕ್ಕಿಗೆ ಒಂದು ಕ್ಷಣ ಸಿಗುತ್ತದೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಹೊಸ ಟಿವಿಯಲ್ಲಿ ಹಳೇ ಸಿನಿಮಾ ಹಾಕಿದರೆ ಯಾವುದೋ ಮನೆಯ ವಿಡಿಯೋ ಥರ ಕಾಣುತ್ತದೆ. ಯಾಕೆ?

ಉತ್ತರ: ಟಿವಿ ಸೆಟ್ಟಿಂಗಿನಲ್ಲಿ ಮೋಷನ್ ಸ್ಮೂದಿಂಗ್ ಅಥವಾ ಅಂಥದೇ ಹೆಸರಿನದೊಂದು ಇರುತ್ತದೆ. ತಕ್ಷಣ ಆಫ್ ಮಾಡಿ. ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಚಿತ್ರಗಳಲ್ಲಿ. ಟಿವಿ ತಾನೇ ನಡುವೆ ಚಿತ್ರಗಳನ್ನು ಹುಟ್ಟಿಸಿ ತುಂಬುತ್ತದೆ. ಹಾಗೆಯೇ ಚೌಕದ ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ. ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ.

ಪ್ರಶ್ನೆ: ಬ್ರಿಟನ್ನಿನ ‘ಡಾಕ್ಟರ್ ಹೂ’ ಸೀರಿಯಲ್ಲಿನ ಶೀರ್ಷಿಕೆ ಸಂಗೀತ ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. 1963ರಲ್ಲಿ ಯಾವ ಸಿಂಥಸೈಜರಿನಲ್ಲಿ ನುಡಿಸಿದ್ದರು?

ಉತ್ತರ: ನುಡಿಸಿದ್ದಲ್ಲ, ಕತ್ತರಿಸಿ ಅಂಟಿಸಿದ್ದು! ಈ ಪ್ರಶ್ನೆಗೆ ಎಷ್ಟು ದಿನದಿಂದ ಕಾಯುತ್ತಿದ್ದೆ.

ರಾಗ ಹಾಕಿದ್ದು ರಾನ್ ಗ್ರೇನರ್. ಅದನ್ನು ನಾವು ಕೇಳುವ ಧ್ವನಿಯಾಗಿಸಿದ್ದು ಬಿಬಿಸಿಗೆ ವಿಶೇಷ ಧ್ವನಿಗಳನ್ನು ಮಾಡಿಕೊಡುತ್ತಿದ್ದ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿದ್ದ ಡೀಲಿಯಾ ಡರ್ಬಿಶೈರ್. ಕೆಳಗಿನ ಆ ಡುಂ ಡುಂ ಅನ್ನುವುದು ಮೀಟಿದ ಒಂದು ತಂತಿಯ ಸದ್ದು. ಆ ಒಂದೇ ಸದ್ದನ್ನು ಟೇಪಿಗೆ ಹಿಡಿದು, ಟೇಪಿನ ವೇಗ ಹೆಚ್ಚುಕಡಿಮೆ ಮಾಡಿ ಬೇರೆ ಬೇರೆ ಸ್ವರ ತೆಗೆದರು. ಪ್ರತಿ ಸ್ವರವೂ ಟೇಪಿನ ಒಂದು ತುಂಡು. ಅಳೆದು, ಕತ್ತರಿಸಿ, ಅಂಟಿಸಿ, ಸಾಲಾಗಿ ಜೋಡಿಸಿದ್ದು. ಮೇಲೆ ಜಾರುತ್ತ ಕೂಗುವ ಸ್ವರ ಉಪಕರಣಗಳ ಪರೀಕ್ಷೆಗೆ ಬಳಸುವ, ಒಂದೇ ಸ್ವರ ಹುಟ್ಟಿಸುವ ಆಸಿಲೇಟರ್ ಯಂತ್ರದ್ದು.

ಟೇಪು ಕತ್ತರಿಸಿದವರಿಗೆ ಇದರ ಕಷ್ಟ ಗೊತ್ತು. ಕಾಲು ಇಂಚಿನ ಟೇಪನ್ನು ಕತ್ತರಿಸುವ ಪಟ್ಟಿಯ ತೋಡಿನಲ್ಲಿ ಕೂರಿಸಿ ಬ್ಲೇಡನ್ನು ಓರೆಯಾಗಿ ಎಳೆಯಬೇಕು. ನೇರ ಕತ್ತರಿಸಿದರೆ ಜೋಡಿಸಿದ ಕಡೆ ಟಪ್ ಅನ್ನುತ್ತದೆ. ಓರೆಯಾದರೆ ಒಂದು ಸದ್ದು ಇನ್ನೊಂದರೊಳಗೆ ಮೆಲ್ಲಗೆ ಸರಿಯುತ್ತದೆ. ಬ್ಲೇಡಿಗೆ ಕಾಂತ ಹಿಡಿದಿದ್ದರೆ ಅದಕ್ಕೂ ಒಂದು ಟಪ್. ನಾನು ಒಂದು ವಾಕ್ಯದ ನಡುವಿನ ಕೆಮ್ಮು ತೆಗೆಯಲು ಅರ್ಧ ಗಂಟೆ ತೆಗೆದುಕೊಂಡದ್ದಿದೆ. ಆಕೆ ಇಡೀ ಸಂಗೀತವನ್ನು ಹೀಗೆ ಕಟ್ಟಿದರು. ಹೆಡ್‌ಫೋನ್ ಹಾಕಿಕೊಂಡು ಆ ಡುಂ ಡುಂ ಮಾತ್ರ ಹಿಡಿದು ಕೇಳಿ. ಒಂದು ಸ್ವರದಂತೆ ಇನ್ನೊಂದಿಲ್ಲ.

ಸಂಗೀತದ ಶ್ರೇಯಸ್ಸಿನಲ್ಲಿ ಆಕೆಗೂ ಪಾಲು ಸಿಗಬೇಕೆಂದು ಗ್ರೇನರ್ ಪ್ರಯತ್ನಿಸಿದರು, ಆಗಲಿಲ್ಲ. ಸಿಬ್ಬಂದಿಯ ಹೆಸರು ಹಾಕುವ ಪದ್ಧತಿ ಆಗ ಅಲ್ಲಿರಲಿಲ್ಲ. ಡೀಲಿಯಾ 2001ರಲ್ಲಿ ತೀರಿಕೊಂಡರು. ಅವರ ಹೆಸರು ‘ಡಾಕ್ಟರ್ ಹೂ’ ತೆರೆಯ ಮೇಲೆ ಬಂದದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಎಪಿಸೋಡಿನಲ್ಲಿ. ಆ ಸಾಲು ಮೇಲೆ ಸರಿದುಹೋಗುವಾಗ ನಾನು ಎದ್ದು ನಿಂತಿದ್ದೆ.

ಡಾಕ್ಟರ್ ಕಾಲದಲ್ಲಿ ಓಡಾಡುವ ಯಂತ್ರ ಟಾರ್ಡಿಸ್ ಹೊರಡುವ ಸದ್ದಿನ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ಅದೇ ವರ್ಕ್‌ಶಾಪಿನ ಬ್ರಯನ್ ಹಾಡ್ಜ್‌ಸನ್ ಹಳೇ ಪಿಯಾನೋದ ದಪ್ಪ ತಂತಿಯ ಮೇಲೆ ಮನೆಯ ಬೀಗದ ಕೈ ಎಳೆದು ಮಾಡಿದ್ದು ಅದು.

ಪ್ರಶ್ನೆ: ಅದೇ ‘ಡಾಕ್ಟರ್ ಹೂ’ವಿನ ಎಷ್ಟೋ ಎಪಿಸೋಡುಗಳು ಕಳೆದುಹೋಗಿವೆಯಂತೆ. ಇಲ್ಲದ್ದನ್ನು ನೋಡುವುದು ಹೇಗೆ?

ಉತ್ತರ: ಕೇಳಿ ನೋಡಬೇಕು. ಆಗ ವಿಡಿಯೋ ಟೇಪು ಬಲು ದುಬಾರಿ. ಪ್ರಸಾರ ಮುಗಿದ ಮೇಲೆ ಅಳಿಸಿ ಮತ್ತೆ ಬಳಸುತ್ತಿದ್ದರು. ಹೀಗೆ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಎಪಿಸೋಡುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಧ್ವನಿ ಪ್ರತಿಯೊಂದರದ್ದೂ ಉಳಿದಿದೆ. ಉಳಿಸಿದ್ದು ನಮ್ಮಂಥ ಅಭಿಮಾನಿಗಳು. ಮನೆಯ ಟಿವಿಯ ಎದುರು ಟೇಪ್ ರೆಕಾರ್ಡರ್ ಇಟ್ಟುಕೊಂಡು, ಯಾರೂ ಮಾತಾಡದಂತೆ ನೋಡಿಕೊಂಡು ಹಿಡಿದಿಟ್ಟ ಧ್ವನಿ ಅದು.

ಅದರಲ್ಲಿನ ‘ದ ಎನಿಮಿ ಆಫ್ ದ ವರ್ಲ್ಡ್’ ಕಥೆ ನನಗೆ ಹಾಗೆಯೇ ಪರಿಚಯವಾದದ್ದು. ಆರು ಎಪಿಸೋಡುಗಳಲ್ಲಿ ಮೂರನೆಯದು ಮಾತ್ರ ನೋಡಲು ಸಿಗುತ್ತಿತ್ತು. ಉಳಿದ ಐದನ್ನು ಕತ್ತಲಲ್ಲಿ ಕೂತು ಕೇಳಿದ್ದೆ. ನಟ ಪ್ಯಾಟ್ರಿಕ್ ಟ್ರೌಟನ್ ಅದರಲ್ಲಿ ಡಾಕ್ಟರೂ ಹೌದು, ಖಳನೂ ಹೌದು. ಬರೀ ಧ್ವನಿಯಲ್ಲೇ ಇಬ್ಬರೂ ಬೇರೆ ಬೇರೆ. ನೈಜೀರಿಯಾದಲ್ಲಿ ಫಿಲ್ಮಿನ ಡಬ್ಬಿಗಳು ಸಿಕ್ಕಿವೆ ಅನ್ನುವ ಸುದ್ದಿ 2013ರಲ್ಲಿ ಬಂತು. ಕಳೆದುಹೋಗಿದ್ದ ಒಂಬತ್ತು ಎಪಿಸೋಡುಗಳು ವಾಪಸ್ ಬಂದವು, ಅದರಲ್ಲಿ ಈ ಐದೂ ಇದ್ದವು. ಅಷ್ಟು ವರ್ಷ ಕಿವಿಯಲ್ಲೇ ಇದ್ದವರ ಮುಖ ಅವತ್ತು ನೋಡಿದೆ. ನೀವು ‘ಮಾರ್ಕೋ ಪೋಲೋ’ ಕೇಳಿ. ಏಳೂ ಎಪಿಸೋಡುಗಳು ಧ್ವನಿಯಲ್ಲಿ ಮಾತ್ರ ಇವೆ. ದೀಪ ಆರಿಸಿಕೊಂಡು ಕೇಳಿ.

ಪ್ರಶ್ನೆ: ಹೆಂಗಸರನ್ನು ತೋರಿಸಿದ ರೀತಿ ನೋಡಿದರೆ ಈಗ ಸಿಟ್ಟು ಬರುತ್ತದೆ. ಅಭಿಮಾನಿಯಾದವಳು ಇದನ್ನು ನುಂಗಿಕೊಳ್ಳಬೇಕಾ?

ಉತ್ತರ: ಖಂಡಿತ ಬೇಡ. ನನಗೂ ಬರುತ್ತದೆ. 1969ರ ಜೂನ್‌ನಲ್ಲಿ ಬಂದ ‘ಸ್ಟಾರ್ ಟ್ರೆಕ್’ನ ಕೊನೆಯ ಎಪಿಸೋಡಿನಲ್ಲಿ, ಹಡಗಿನ ಕ್ಯಾಪ್ಟನ್ನರ ಲೋಕದಲ್ಲಿ ಹೆಣ್ಣಿಗೆ ಜಾಗವಿಲ್ಲ ಅನ್ನುವ ಅರ್ಥದ ಮಾತು ಬರುತ್ತದೆ. ಹಾಗೆ ಹೇಳುವವಳನ್ನೇ ಕಥೆ ಹುಚ್ಚಿ ಮಾಡಿ ಮುಗಿಸುತ್ತದೆ. ಕಾಲ ಹಾಗಿತ್ತು ಅಂತ ಬಿಡಲು ನನಗೆ ಆಗುವುದಿಲ್ಲ. ಯಾಕೆಂದರೆ ಅದೇ ಕಾಲದಲ್ಲಿ, ಅದೇ ಹಡಗಿನಲ್ಲಿ, ಅಧಿಕಾರಿ ಉಹುರಾ ಪಾತ್ರದ ಕಪ್ಪು ನಟಿ ನಿಷೆಲ್ ನಿಕೋಲ್ಸ್ ಇದ್ದರು. ಆಕೆ ಸೀರಿಯಲ್ ಬಿಡಲು ಹೊರಟಾಗ ಬಿಡಬೇಡಿ ಅಂದವರು ಮಾರ್ಟಿನ್ ಲೂಥರ್ ಕಿಂಗ್. ಮುಂದೆ ನಾಸಾಗೆ ಮಹಿಳೆಯರನ್ನೂ ಕಪ್ಪು ಜನರನ್ನೂ ಸೇರಿಸುವ ಕೆಲಸಕ್ಕೆ ಆಕೆಯೇ ನಿಂತರು. ಉಹುರಾ ಪಾತ್ರ ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದರು. ಸಿಟ್ಟೂ ಇರಲಿ, ಪ್ರೀತಿಯೂ ಇರಲಿ.

ಪ್ರಶ್ನೆ: ಮಗಳಿಗೆ ಹದಿಮೂರು. ಕಪ್ಪುಬಿಳುಪು ಅಂದರೇ ಎದ್ದು ಹೋಗುತ್ತಾಳೆ. ಯಾವುದರಿಂದ ಶುರು ಮಾಡಲಿ?

ಉತ್ತರ: ‘ದ ಟ್ವೈಲೈಟ್ ಝೋನ್’ ಸೀರಿಯಲ್ಲಿನ ‘ದ ಇನ್‌ವೇಡರ್ಸ್’ ಎಪಿಸೋಡ್, 1961ರದ್ದು. ಅರ್ಧ ಗಂಟೆಯೂ ಇಲ್ಲ. ಒಂಟಿ ಮನೆ, ಒಬ್ಬಳೇ ಹೆಂಗಸು, ಮಾಳಿಗೆಯ ಮೇಲೆ ಏನೋ ಸದ್ದು. ಆಗ್ನೆಸ್ ಮೂರ್‌ಹೆಡ್ ಕೊನೆಯವರೆಗೂ ಒಂದು ಮಾತೂ ಆಡುವುದಿಲ್ಲ. ಮೊದಲೇ ಏನೂ ಹೇಳಬೇಡಿ. ನೀವು ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಅವಳು ಬಂದರೆ ಬರಲಿ.

ಪ್ರಶ್ನೆ: ಎಷ್ಟು ಸಲ ನೋಡಿದರೂ ನೀವು ಮತ್ತೆ ಮತ್ತೆ ನೋಡುವ ದೃಶ್ಯ ಯಾವುದು?

ಉತ್ತರ: ‘ಸೈಲೆಂಟ್ ರನ್ನಿಂಗ್’, 1972. ಡಗ್ಲಸ್ ಟ್ರಂಬುಲ್ ನಿರ್ದೇಶನ. ಭೂಮಿಯ ಕೊನೆಯ ಕಾಡುಗಳನ್ನು ಗಾಜಿನ ಗುಮ್ಮಟಗಳಲ್ಲಿ ಹೊತ್ತ ಹಡಗಿನ ಕಥೆ. ಅದರಲ್ಲಿ ಮೂರು ಕುಳ್ಳ ರೋಬೋಗಳಿವೆ. ಆ ಪೆಟ್ಟಿಗೆಗಳ ಒಳಗಿದ್ದವರು ಕಾಲಿಲ್ಲದ ನಟರು. ಕೈಗಳ ಮೇಲೆ ನಡೆದು ಅಭಿನಯಿಸಿದರು. ಅದಕ್ಕೇ ಆ ರೋಬೋಗಳ ನಡಿಗೆಯಲ್ಲಿ ಒಂದು ಸಣ್ಣ ತೂಗಾಟ ಇದೆ, ನಿಲ್ಲುವ ಮುಂಚೆ ಒಂದು ಅನುಮಾನ ಇದೆ.

ಕೊನೆಯಲ್ಲಿ ಮನುಷ್ಯರು ಯಾರೂ ಉಳಿದಿಲ್ಲ. ಗುಮ್ಮಟ ಕತ್ತಲಲ್ಲಿ ದೂರ ಸರಿಯುತ್ತಿದೆ. ಒಳಗೆ ಒಂದು ರೋಬೋ, ತಗ್ಗುಬಿದ್ದ ಹಳೇ ನೀರಿನ ಡಬ್ಬ ಹಿಡಿದುಕೊಂಡು ಗಿಡಗಳಿಗೆ ನೀರು ಹಾಕುತ್ತಿದೆ.