ಸಾಫ್ಟ್‌ವೇರ್ ಪ್ರಾಜೆಕ್ಟಿಗೂ ಜೀವಕೋಶಕ್ಕೂ ಒಂದೇ ಥರದ ಸಿಮ್ಯುಲೇಶನ್ ಹೇಗೆ?

ನಿಮ್ಮ ಪ್ರಶ್ನೆ ಇದು: ಎಂ.ಟೆಕ್‌ನಲ್ಲಿ ಮಾಡೆಲಿಂಗ್ ಮತ್ತು ಸಿಮ್ಯುಲೇಶನ್ ಅಂತ ಒಂದು ಪೇಪರ್ ಇದೆ. ಒಂದು ಯೂನಿಟ್ ಪೂರ್ತಿ ಸಾಫ್ಟ್‌ವೇರ್ ತಯಾರಿಸುವ ಕೆಲಸದ ಬಗ್ಗೆ, ಮುಂದಿನ ಯೂನಿಟ್ ರೋಗ, ನರ, ಜೀವಕೋಶದ ಬಗ್ಗೆ. ಇವೆರಡಕ್ಕೂ ಏನು ಸಂಬಂಧ? ಸುಮ್ನೆ ಒಟ್ಟಿಗೆ ತುರುಕಿದ್ದಾರಾ? ಕೆಲಸಕ್ಕೆ ಸೇರಿದ ಮೇಲೆ ಇದರಿಂದ ಉಪಯೋಗ ಇದೆಯಾ?

ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ನಾನು ಮೊದಲು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಈಗ ಜೀವಕೋಶದ ಮಾಡೆಲ್ ಕಟ್ಟುವವರ ಜೊತೆ ಕೋಡ್ ಬರೆಯುತ್ತೇನೆ. ಎರಡೂ ಕಡೆ ನೋಡಿದ್ದನ್ನು ಸೇರಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮನೆಯ ನೀರಿನ ತೊಟ್ಟಿಯನ್ನು ನೆನಪಿಸಿಕೊಳ್ಳಿ. ಒಂದು ಕಡೆಯಿಂದ ನೀರು ಬರುತ್ತದೆ, ಇನ್ನೊಂದು ಕಡೆಯಿಂದ ಹೋಗುತ್ತದೆ. ಬರುವ ವೇಗ, ಹೋಗುವ ವೇಗ ಗೊತ್ತಿದ್ದರೆ ಇನ್ನೊಂದು ಗಂಟೆಗೆ ಎಷ್ಟು ನೀರು ಇರುತ್ತದೆ ಅಂತ ಹೇಳಬಹುದು. ಹೊರಗೆ ಹೋಗುವ ವೇಗವೇ ಒಳಗಿನ ಮಟ್ಟದ ಮೇಲೆ ನಿಂತಿದ್ದರೆ, ಅಥವಾ ನಲ್ಲಿ ತಿರುಗಿಸಿ ತುಂಬಾ ಹೊತ್ತಾದ ಮೇಲೆ ನೀರು ಬಂದರೆ, ಬಾಯಿಲೆಕ್ಕ ಕೈಕೊಡುತ್ತದೆ. ಆಗ ಸಿಮ್ಯುಲೇಶನ್ ಬೇಕಾಗುತ್ತದೆ, ಅಂದರೆ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಓಡಿಸಿ ನೋಡುವುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1950ರ ದಶಕದಲ್ಲಿ ಕಾರ್ಖಾನೆಗಳ ಏರಿಳಿತವನ್ನು ಹೀಗೆ ಲೆಕ್ಕ ಹಾಕಲು ಶುರು ಮಾಡಿದರು. ಅದಕ್ಕೆ ಸಿಸ್ಟಂ ಡೈನಾಮಿಕ್ಸ್ ಅಂತ ಹೆಸರು. ಎಂಐಟಿಯವರೇ ಆದ ತಾರೆಕ್ ಅಬ್ದೆಲ್‌ಹಮೀದ್ ಮತ್ತು ಸ್ಟುವರ್ಟ್ ಮ್ಯಾಡ್ನಿಕ್ 1980ರ ದಶಕದಲ್ಲಿ ಇದನ್ನೇ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ತಂದರು. ಉಳಿದಿರುವ ಕೆಲಸ, ಹೊಸಬರು, ಪಳಗಿದವರು, ಇನ್ನೂ ಕಣ್ಣಿಗೆ ಬೀಳದ ಬಗ್‌ಗಳು (ಕೋಡಿನ ತಪ್ಪುಗಳು), ಇವೆಲ್ಲ ಒಂದೊಂದು ತೊಟ್ಟಿ.

ಒಂದು ಲೆಕ್ಕ ಮಾಡೋಣ, ಪೆನ್ನು ಪೇಪರ್ ಸಾಕು. 600 ಟಾಸ್ಕ್ ಇದೆ, 10 ಜನ ಇದ್ದಾರೆ. ಒಬ್ಬರು ದಿನಕ್ಕೆ ಒಂದು ಟಾಸ್ಕ್ ಮುಗಿಸುತ್ತಾರೆ. 60 ದಿನ ಬೇಕು. ಆದರೆ ಡೆಡ್‌ಲೈನ್ 50ನೇ ದಿನ. 40ನೇ ದಿನ ಮ್ಯಾನೇಜರ್ ನೋಡುತ್ತಾರೆ: 400 ಮುಗಿದಿದೆ, 200 ಉಳಿದಿದೆ. ಐದು ಜನ ಹೊಸಬರನ್ನು ಹಾಕುತ್ತಾರೆ. ಹೊಸಬರಿಗೆ ಕೋಡ್ ಅರ್ಥವಾಗಲು 10 ದಿನ ಬೇಕು ಅನ್ನಿ. ಆ 10 ದಿನ ಅವರಿಂದ ಕೆಲಸ ಬರುವುದಿಲ್ಲ. ಒಬ್ಬೊಬ್ಬ ಹೊಸಬರಿಗೂ ಒಬ್ಬ ಹಳಬರ ಅರ್ಧ ದಿನ ಹೋಗುತ್ತದೆ. ಅಂದರೆ ದಿನಕ್ಕೆ 10 ಟಾಸ್ಕ್ ಬದಲು ಏಳೂವರೆ. ಹತ್ತು ದಿನದಲ್ಲಿ 75 ಮುಗಿಯುತ್ತದೆ, 125 ಉಳಿಯುತ್ತದೆ. ಈಗ 15 ಜನ ಪೂರ್ತಿ ಕೆಲಸಕ್ಕೆ ಇಳಿದರು. ಆದರೆ 10 ಜನರಲ್ಲಿ ಮಾತಾಡಬೇಕಾದ ಜೋಡಿಗಳು 45, 15 ಜನರಲ್ಲಿ 105. ಮೀಟಿಂಗ್, ಎಲ್ಲರ ಕೋಡನ್ನು ಒಂದಕ್ಕೆ ಸೇರಿಸುವ (ಮರ್ಜ್ ಮಾಡುವ) ಜಗಳ ಎಲ್ಲ ಜಾಸ್ತಿ. ಹಾಗಾಗಿ ದಿನಕ್ಕೆ 15ರ ಬದಲು 13 ಟಾಸ್ಕ್ ಅಂತ ಇಟ್ಟುಕೊಳ್ಳಿ. 125 ಮುಗಿಯಲು ಹತ್ತಿರ ಹತ್ತಿರ 10 ದಿನ. ಒಟ್ಟು 60 ದಿನ! ಐದು ಜನರ ಸಂಬಳ ಹೋಯಿತು, ಒಂದು ದಿನವೂ ಉಳಿಯಲಿಲ್ಲ.

ಕಲಿಯಲು 10ರ ಬದಲು 15 ದಿನ ಬೇಕಾದರೆ? ಕೆಲಸ ಮುಗಿಯುವುದು ಸುಮಾರು 62ನೇ ದಿನ. ಜನರನ್ನು ಸೇರಿಸಿದ್ದಕ್ಕೇ ಇನ್ನೂ ತಡ. ಐಬಿಎಂ ಕಂಪ್ಯೂಟರ್‌ಗಳ ಆಪರೇಟಿಂಗ್ ಸಿಸ್ಟಂ ಓಎಸ್/360ರ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದ ಮಾತು ಇದೇ: ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ.

ಅದೇ ಐದು ಜನರನ್ನು 10ನೇ ದಿನವೇ ಸೇರಿಸಿ ನೋಡಿ. 20ನೇ ದಿನಕ್ಕೆ 425 ಉಳಿದಿರುತ್ತದೆ. ದಿನಕ್ಕೆ 13ರಂತೆ ಸುಮಾರು 33 ದಿನ. 53ನೇ ದಿನ ಮುಗಿಯುತ್ತದೆ. ಒಂದು ವಾರ ಉಳಿಯಿತು. ಆದರೆ ಮೊದಲು 600 ಆಳು-ದಿನ ಆಗುತ್ತಿದ್ದ ಖರ್ಚು ಈಗ 740ರ ಹತ್ತಿರ. ಅಬ್ದೆಲ್‌ಹಮೀದ್ ತಮ್ಮ ದೊಡ್ಡ ಮಾಡೆಲ್ ಓಡಿಸಿ ಕಂಡುಕೊಂಡಿದ್ದೂ ಇದನ್ನೇ. ಜನ ಸೇರಿಸಿದರೆ ಖರ್ಚು ಏರುವುದು ಖಂಡಿತ, ಆದರೆ ಪ್ರತಿ ಸಲವೂ ತಡವಾಗುತ್ತದೆ ಅಂತ ಇಲ್ಲ. ಬ್ರೂಕ್ಸ್ ಮಾತು ಎಲ್ಲಿವರೆಗೆ ನಿಜ, ಎಲ್ಲಿಂದ ಮುಂದೆ ಅಲ್ಲ ಅನ್ನುವ ಗಡಿಯನ್ನು ಮಾಡೆಲ್ ತೋರಿಸಿತು. ಇದು ಮಾತಿನಲ್ಲಿ ವಾದ ಮಾಡಿದರೆ ಸಿಗುವಂಥದ್ದಲ್ಲ.

ಈಗ ಜೀವಶಾಸ್ತ್ರದ ಕಡೆ ಬನ್ನಿ. ಮೇಲಿನ ಲೆಕ್ಕದಲ್ಲಿ ಹೊಸಬರು ಒಂದು ತೊಟ್ಟಿಯಿಂದ ಪಳಗಿದವರ ತೊಟ್ಟಿಗೆ ಹೋದರಲ್ಲ, ಸಾಂಕ್ರಾಮಿಕ ರೋಗದ ಮಾಡೆಲ್‌ನಲ್ಲೂ ಅಷ್ಟೇ. ರೋಗ ತಗುಲಬಹುದಾದವರು, ರೋಗ ಇರುವವರು, ಗುಣವಾದವರು ಅಥವಾ ಸತ್ತವರು, ಹೀಗೆ ಮೂರು ತೊಟ್ಟಿ. 1927ರಲ್ಲಿ ಎಡಿನ್‌ಬರೋದಲ್ಲಿ ಕರ್ಮಾಕ್ ಮತ್ತು ಮೆಕೆಂಡ್ರಿಕ್ ಇದನ್ನು ಬರೆದರು. ಕರ್ಮಾಕ್ 1924ರಲ್ಲಿ ಲ್ಯಾಬಿನ ಅವಘಡದಲ್ಲಿ ಎರಡೂ ಕಣ್ಣು ಕಳೆದುಕೊಂಡಿದ್ದರು. ಆಮೇಲೂ ಇಷ್ಟು ಗಣಿತ ಮಾಡಿದರು ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಮೆಕೆಂಡ್ರಿಕ್ ಭಾರತದಲ್ಲಿ ಸೇನಾ ವೈದ್ಯರಾಗಿ ಕೆಲಸ ಮಾಡಿದವರು. ತಮ್ಮ ಸಮೀಕರಣ ಸರಿಯಾ ಅಂತ ನೋಡಲು ಅವರು ತೆಗೆದುಕೊಂಡ ಅಂಕಿಗಳು ಬೊಂಬಾಯಿಯದು, 1905-06ರ ಪ್ಲೇಗಿನಲ್ಲಿ ವಾರವಾರ ಸತ್ತವರ ಲೆಕ್ಕ.

ಸಾವಿನ ಗ್ರಾಫ್ ಮೇಲೆ ಅವರ ಗೆರೆ ಚೆನ್ನಾಗಿಯೇ ಕೂತಿತು. ಆದರೆ ಆ ಮಾಡೆಲ್‌ನಲ್ಲಿ ರೋಗ ಮನುಷ್ಯನಿಂದ ಮನುಷ್ಯನಿಗೆ ಹೋಗುತ್ತದೆ. ಬೊಂಬಾಯಿಯ ಪ್ಲೇಗ್ ಹರಡಿದ್ದು ಇಲಿಗಳ ಮೈಮೇಲಿನ ಚಿಗಟದಿಂದ. ಇಲಿ ಸತ್ತಾಗ ಚಿಗಟ ಮನುಷ್ಯರ ಮೇಲೆ ಹಾರುತ್ತಿತ್ತು. ಅಂದರೆ ಗೆರೆ ಕೂತರೂ ಕಾರಣ ಬೇರೆ. ನಾನು ನಿಮಗೆ ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದೇ ಇದು. ಏರಿ ಇಳಿಯುವ ಒಂದು ಗುಡ್ಡದ ಆಕಾರಕ್ಕೆ ನಾಲ್ಕಾರು ಬೇರೆ ಬೇರೆ ಮಾಡೆಲ್‌ಗಳನ್ನು ಹೊಂದಿಸಬಹುದು. ಕೊಟ್ಟ ಡೇಟಾಗೆ ಹೊಂದಿತು ಅನ್ನುವುದು ಮಾಡೆಲ್ ಸರಿ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಕೊಡದೇ ಇದ್ದದ್ದನ್ನು ಅದು ಸರಿಯಾಗಿ ಹೇಳಿತಾ ಅಂತ ನೋಡಬೇಕು.

ಹಾಗೆ ಹೇಳಿದ ಮಾಡೆಲ್ ಒಂದಿದೆ. ಕರಾವಳಿಯವರು ಬೊಂಡಾಸ್ ಅನ್ನುವ ಸ್ಕ್ವಿಡ್‌ನ ಮೈಯಲ್ಲಿ ಕಣ್ಣಿಗೆ ಕಾಣುವಷ್ಟು ದಪ್ಪದ ಒಂದು ನರತಂತು ಇದೆ. ಇಂಗ್ಲೆಂಡಿನ ಹಾಜ್ಕಿನ್ ಮತ್ತು ಹಕ್ಸ್‌ಲಿ ಅದರೊಳಗೆ ತಂತಿ ತೂರಿಸಿ, ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟು, ಸೋಡಿಯಂ ಎಷ್ಟು ಒಳಗೆ ಬಂತು, ಪೊಟ್ಯಾಸಿಯಂ ಎಷ್ಟು ಹೊರಗೆ ಹೋಯಿತು ಅಂತ ಅಳೆದರು. ಆ ಅಳತೆಗಳಿಂದ ನಾಲ್ಕು ಸಮೀಕರಣ ಕಟ್ಟಿದರು. ನರದಲ್ಲಿ ಸಂಕೇತ ಎಷ್ಟು ವೇಗವಾಗಿ ಓಡುತ್ತದೆ ಅನ್ನುವ ಅಂಕಿಯನ್ನು ಅವರು ಮಾಡೆಲ್‌ಗೆ ಕೊಟ್ಟೇ ಇರಲಿಲ್ಲ. ಆಗ ಕೇಂಬ್ರಿಡ್ಜ್‌ನ ಕಂಪ್ಯೂಟರ್ ಸಿಗಲಿಲ್ಲ. ಹಕ್ಸ್‌ಲಿ ಕೈಯಲ್ಲಿ ಹಿಡಿ ತಿರುಗಿಸುವ ಲೆಕ್ಕದ ಯಂತ್ರದಲ್ಲೇ ವಾರಗಟ್ಟಲೆ ಕೂತು ಸಮೀಕರಣ ಬಿಡಿಸಿದರು. ಬಂದ ಉತ್ತರ ಸೆಕೆಂಡಿಗೆ 18.8 ಮೀಟರ್. ನಿಜವಾದ ನರದಲ್ಲಿ ಅಳೆದದ್ದು 21.2 ಮೀಟರ್. 1952ರಲ್ಲಿ ಇದು ಪ್ರಕಟವಾಯಿತು, 1963ರಲ್ಲಿ ನೊಬೆಲ್ ಬಂತು. ಸೋಡಿಯಂ, ಪೊಟ್ಯಾಸಿಯಂ ದಾಟಲು ತೆರೆದು ಮುಚ್ಚುವ ಬಾಗಿಲುಗಳಿವೆ ಅನ್ನುವ ಹಾಗೆ ಅವರ ಸಮೀಕರಣ ಇತ್ತು. ಅವುಗಳಿಗೆ ಹೊಂದುವಂಥ ಅಯಾನ್ ಚಾನೆಲ್‌ಗಳು ಜೀವಕೋಶದ ಪೊರೆಯಲ್ಲಿ ನಿಜವಾಗಿಯೂ ಇವೆ ಅಂತ ಒಂದೊಂದಾಗಿ ಅಳೆದು ತೋರಿಸಿದ್ದು 1970ರ ದಶಕದಲ್ಲಿ.

ಪ್ರಾಜೆಕ್ಟ್ ಮಾಡೆಲ್‌ಗೂ ಇದೇ ಪರೀಕ್ಷೆ ಒಡ್ಡಿ. ಹಿಂದಿನ ಪ್ರಾಜೆಕ್ಟಿನ ಒಟ್ಟು ದಿನಕ್ಕೆ ಹೊಂದಿಸಿದ್ದೀರಾ? ಹಾಗಾದರೆ ಯಾವ ವಾರ ಬಗ್‌ಗಳು ಜಾಸ್ತಿ ಬಂದವು ಅಂತ ಅದನ್ನು ಕೇಳಿ. ಅದನ್ನೂ ಸರಿಯಾಗಿ ಹೇಳಿದರೆ ಸ್ವಲ್ಪ ನಂಬಬಹುದು.

ಎರಡು ಕ್ಷೇತ್ರಗಳ ನಡುವೆ ಉಪಕರಣಗಳೂ ಓಡಾಡಿವೆ. ಕಾರ್ಲ್ ಆಡಮ್ ಪೆಟ್ರಿ 1962ರಲ್ಲಿ ಕಂಪ್ಯೂಟರ್ ವ್ಯವಸ್ಥೆಗಳಿಗೆ ಅಂತ ಕೊಟ್ಟ ಪೆಟ್ರಿ ನೆಟ್‌ಗಳನ್ನು (ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ಚಿತ್ರಗಳನ್ನು) ಈಗ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಬರೆಯಲೂ ಬಳಸುತ್ತಾರೆ. ಇಸ್ರೇಲಿನ ಡೇವಿಡ್ ಹರೆಲ್ 1980ರ ದಶಕದಲ್ಲಿ ಯುದ್ಧವಿಮಾನದ ಸಾಫ್ಟ್‌ವೇರ್ ವಿವರಿಸಲು ಸ್ಟೇಟ್‌ಚಾರ್ಟ್ ಕಂಡುಹಿಡಿದರು, ಅಂದರೆ ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಹೋಗುವುದನ್ನು ತೋರಿಸುವ ಚಿತ್ರ. ಆಮೇಲೆ ಅವರೇ ಜೀವಶಾಸ್ತ್ರಜ್ಞರ ಜೊತೆ ಸೇರಿ ಸೀ. ಎಲೆಗನ್ಸ್ ಅನ್ನುವ ಪುಟಾಣಿ ಹುಳುವಿನ ಕೋಶಗಳು ಬೆಳೆಯುವ ರೀತಿಯನ್ನು ಅದೇ ಸ್ಟೇಟ್‌ಚಾರ್ಟ್‌ನಲ್ಲಿ ಬರೆದರು.

ನನಗೆ ತುಂಬಾ ಇಷ್ಟವಾದ ಹೋಲಿಕೆ ಮಾತ್ರ ಎಂಜೈಮ್‌ದು, ಅಂದರೆ ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನ್‌ದು. 1913ರಲ್ಲಿ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಸಕ್ಕರೆ ಒಡೆಯುವ ಎಂಜೈಮ್ ಅಳೆದರು. ಸಕ್ಕರೆ ಹೆಚ್ಚಿಸುತ್ತಾ ಹೋದ ಹಾಗೆ ಕೆಲಸದ ವೇಗ ಏರುತ್ತದೆ, ಆಮೇಲೆ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ. ಯಾಕೆಂದರೆ ಪ್ರತಿ ಎಂಜೈಮೂ ಒಂದು ಅಣುವನ್ನು ಹಿಡಿದು ಕೂತಿದೆ, ಬಿಡುವವರೆಗೆ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಬೇರೆಯವರ ಕೋಡ್ ಓದಿ ಪರಿಶೀಲಿಸುವ (ರಿವ್ಯೂ ಮಾಡುವ) ಸೀನಿಯರ್ ಸ್ಥಿತಿಯೂ ಇದೇ ಅಲ್ವಾ? ಒಬ್ಬರೇ ರಿವ್ಯೂ ಮಾಡುವವರು, ಕೆಲಸ ಹೇಗಂದರೆ ಹಾಗೆ ಬರುತ್ತದೆ, ಒಂದಕ್ಕೆ ಸರಾಸರಿ ಅರ್ಧ ಗಂಟೆ ಹಿಡಿಯುತ್ತದೆ ಅನ್ನಿ. ಸರದಿ ಸಾಲಿನ ಗಣಿತದ ಅತಿ ಸರಳ ಸೂತ್ರದ ಪ್ರಕಾರ, ಅವರ ಸಮಯದಲ್ಲಿ ಶೇ. 50 ತುಂಬಿದ್ದರೆ ಬಂದ ಕೆಲಸ ತನ್ನ ಸರದಿಗೆ ಕಾಯುವುದು ಸರಾಸರಿ ಅರ್ಧ ಗಂಟೆ. ಶೇ. 80 ತುಂಬಿದ್ದರೆ ಎರಡು ಗಂಟೆ. ಶೇ. 90 ಆದರೆ ನಾಲ್ಕೂವರೆ ಗಂಟೆ. ಎಲ್ಲರನ್ನೂ ನೂರಕ್ಕೆ ನೂರು ಬಿಝಿ ಇಡಬೇಕು ಅನ್ನುವ ಮ್ಯಾನೇಜರ್‌ಗಳಿಗೆ ಈ ಮೂರು ಅಂಕಿ ತೋರಿಸಬೇಕು. ಇಂಥದ್ದಕ್ಕೆ ತೊಟ್ಟಿಯ ಲೆಕ್ಕ ಸಾಲದು. ಒಂದೊಂದು ಟಿಕೆಟ್ (ಬಂದ ಕೆಲಸ) ಬರುವುದನ್ನು, ಹೋಗುವುದನ್ನು ಬಿಡಿಬಿಡಿಯಾಗಿ ಓಡಿಸಬೇಕು. ಜೀವಕೋಶದಲ್ಲಿ ಯಾವುದಾದರೂ ಅಣು ಹತ್ತಿಪ್ಪತ್ತೇ ಇದ್ದಾಗಲೂ ಸರಾಸರಿ ಮೋಸ ಮಾಡುತ್ತದೆ. ಅಲ್ಲಿ 1977ರಲ್ಲಿ ಗಿಲೆಸ್ಪಿ ಕೊಟ್ಟ ವಿಧಾನ ಬಳಸಿ ಒಂದೊಂದು ಕ್ರಿಯೆಯನ್ನೂ ದಾಳ ಹಾಕಿದ ಹಾಗೆ ಓಡಿಸುತ್ತಾರೆ.

ಎಲ್ಲವೂ ಒಂದೇ ಅಂತ ಮಾತ್ರ ತಿಳಿಯಬೇಡಿ. ಎಂಜೈಮ್‌ಗೆ ನೀವು ಮುಂದೇನಾಗುತ್ತದೆ ಅಂತ ಹೇಳಿದರೂ ಅದು ತನ್ನ ಕೆಲಸ ಬದಲಿಸುವುದಿಲ್ಲ. ಟೀಮಿಗೆ ‘ಇನ್ನೂ 60 ದಿನ’ ಅಂತ ಹೇಳಿದ ಕೂಡಲೇ ಟೀಮ್ ನಡೆದುಕೊಳ್ಳುವ ರೀತಿಯೇ ಬೇರೆ ಆಗುತ್ತದೆ. ಸಮಯ ಜಾಸ್ತಿ ಇದ್ದರೆ ಕೆಲಸ ಹಿಗ್ಗುತ್ತದೆ, ಕಡಿಮೆ ಇದ್ದರೆ ಟೆಸ್ಟಿಂಗ್‌ಗೆ ಕತ್ತರಿ ಬೀಳುತ್ತದೆ. ಅಂದಾಜು ಬದಲಾದರೆ ಪ್ರಾಜೆಕ್ಟೇ ಬದಲಾಗುತ್ತದೆ ಅಂತ ಅಬ್ದೆಲ್‌ಹಮೀದ್ ಮತ್ತು ಮ್ಯಾಡ್ನಿಕ್ ತೋರಿಸಿದ್ದರು. ಸಾಂಕ್ರಾಮಿಕ ರೋಗ ಇವೆರಡರ ಮಧ್ಯೆ ಬರುತ್ತದೆ. ವೈರಸ್‌ಗೆ ಸುದ್ದಿ ಗೊತ್ತಾಗುವುದಿಲ್ಲ, ಜನರಿಗೆ ಗೊತ್ತಾಗುತ್ತದೆ. ಕೋವಿಡ್ ಬಂದಾಗ 2020ರಲ್ಲಿ ಬೆಂಗಳೂರಿನ ಐಐಎಸ್‌ಸಿ ಮತ್ತು ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಸೇರಿ ಎರಡೂ ನಗರಗಳಿಗೆ ಸಿಮ್ಯುಲೇಟರ್ ಕಟ್ಟಿದವು. ಅದರಲ್ಲಿ ಮನೆ, ಶಾಲೆ, ಆಫೀಸು, ಓಡಾಟ ಎಲ್ಲ ಇರುವ ಒಂದು ಕೃತಕ ಊರನ್ನೇ ಓಡಿಸಿದರು. ಲಾಕ್‌ಡೌನ್ ಹೀಗೆ ತೆಗೆದರೆ ಏನಾಗಬಹುದು, ಹಾಗೆ ತೆಗೆದರೆ ಏನಾಗಬಹುದು ಅಂತ ಹೋಲಿಸಲು ಇಂಥದ್ದು ಬೇಕೇ ಬೇಕು. ಇಂಥ ತಾರೀಖಿಗೆ ಇಷ್ಟು ಕೇಸು ಅಂತ ಭವಿಷ್ಯ ಕೇಳುವುದಕ್ಕಲ್ಲ.

ಉಪಯೋಗದ ಬಗ್ಗೆ ಕೇಳಿದ್ದಿರಿ. ಸಾಫ್ಟ್‌ವೇರ್ ಕೆಲಸದಲ್ಲಿ ರಿಲೀಸ್, ಸಪೋರ್ಟ್, ಸರ್ವರ್ ಸಾಮರ್ಥ್ಯ ಎಲ್ಲಕ್ಕೂ ಈ ಲೆಕ್ಕ ಬರುತ್ತದೆ. ಜೀವಶಾಸ್ತ್ರದ ಕಡೆ ಹೋಗುವ ಆಸೆ ಇದ್ದರೆ ದೂರ ಹುಡುಕಬೇಕಿಲ್ಲ. ಬೆಂಗಳೂರಿನ ಜೀವಶಾಸ್ತ್ರ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಉಪೀಂದರ್ ಭಲ್ಲಾ ಅವರ ಲ್ಯಾಬ್ ನರಕೋಶದ ವಿದ್ಯುತ್ತು, ರಾಸಾಯನಿಕ ಕ್ರಿಯೆ ಎರಡನ್ನೂ ಒಟ್ಟಿಗೆ ಓಡಿಸುವ ಮೂಸ್ ಅನ್ನುವ ಸಿಮ್ಯುಲೇಟರ್ ಕಟ್ಟಿದೆ. 1999ರಲ್ಲಿ ಭಲ್ಲಾ ಮತ್ತು ರವಿ ಅಯ್ಯಂಗಾರ್ ಒಂದು ಮಾಡೆಲ್ ಮೂಲಕ ತೋರಿಸಿದ್ದು ಬಹಳ ಚೆಂದ ಇದೆ: ಪ್ರೋಟೀನ್‌ಗಳು ಒಂದನ್ನೊಂದು ಎಬ್ಬಿಸುವ ಸುತ್ತು ಇದ್ದರೆ, ಹೊರಗಿನ ಸಂಕೇತ ನಿಂತ ಮೇಲೂ ಆ ಸುತ್ತು ಚಾಲೂ ಇರಬಲ್ಲದು. ಕೋಶಕ್ಕೆ ಅದೊಂದು ಥರದ ನೆನಪು.

ಶುರು ಮಾಡಲು ನೆಟ್‌ಲೋಗೋ ಅನ್ನುವ ಸಿಮ್ಯುಲೇಶನ್ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ತೋಳ-ಕುರಿ ಮಾಡೆಲ್, ವೈರಸ್ ಮಾಡೆಲ್ ಎರಡೂ ಅದರಲ್ಲೇ ಬರುತ್ತವೆ. ಟಿಕೆಟ್ ಸಾಲಿನ ಲೆಕ್ಕಕ್ಕೆ ಪೈಥಾನ್‌ನ ಸಿಮ್‌ಪೈ ಅನ್ನುವ ಲೈಬ್ರರಿ ಸಾಕು. ಜೀವಕೋಶದ ಮಾಡೆಲ್‌ಗಳಿಗೆ ಬಯೋಮಾಡೆಲ್ಸ್ ಅನ್ನುವ ಭಂಡಾರದಿಂದ ಒಂದನ್ನು ಇಳಿಸಿಕೊಂಡು ಕೋಪಾಸಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಓಡಿಸಿ. ಆದರೆ ಅದಕ್ಕೂ ಮೊದಲು ಮೇಲಿನ 600 ಟಾಸ್ಕಿನ ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ದಿನಕ್ಕೊಂದು ಸಾಲಿನಂತೆ ಬರೆಯಿರಿ. ಕಲಿಯುವ ದಿನ, ಹಳಬರ ಸಮಯ, ಸೇರಿಸಿದ ದಿನ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಯಾವುದನ್ನು ಚೂರು ಅಲುಗಿಸಿದರೆ ಉತ್ತರ ಜಾಸ್ತಿ ಅಲುಗುತ್ತದೋ ಆ ಅಂಕಿಯನ್ನು ನಿಮ್ಮ ಟೀಮಿನಲ್ಲಿ ನಿಜವಾಗಿ ಅಳೆಯಲು ಹೊರಡಿ. ಉಳಿದವುಗಳನ್ನು ಸದ್ಯಕ್ಕೆ ಅಂದಾಜಿನಲ್ಲೇ ಬಿಟ್ಟರೆ ನಡೆಯುತ್ತದೆ.