ರಿಂಗ್ ಇದ್ದೂ ಟವರ್‌ಗಳು ಐದು ನಿಮಿಷ ಮಾಯವಾಗುವುದೇಕೆ?

ಪ್ರಶ್ನೆ: ಮುಂಡರಗಿ ತಾಲ್ಲೂಕಿನ ಒಂದು ವಿಂಡ್‌ಮಿಲ್ ಸೈಟಿನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಸ್ಕಾಡಾ (ಟವರ್‌ಗಳನ್ನು ದೂರದಿಂದ ನೋಡಿ ನಡೆಸುವ ವ್ಯವಸ್ಥೆ) ಕೋಣೆಯಿಂದ ಟವರ್‌ಗಳಿಗೆ ಸಿಂಗಲ್ ಮೋಡ್ ಫೈಬರ್ ರಿಂಗ್, ಅದರ ಮೇಲೆ ಇಆರ್‌ಪಿಎಸ್, ಅಂದರೆ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ದಾರಿ ಕೊಡುವ ವ್ಯವಸ್ಥೆ. ಸಿಡಿಲಿಗೆ ಒಂದು ಸ್ವಿಚ್ ಸುಟ್ಟಿದ್ದರಿಂದ ಸದ್ಯಕ್ಕೆಂದು ಅಲ್ಲಿ ಇಆರ್‌ಪಿಎಸ್ ಇಲ್ಲದ ಸಾದಾ ಸ್ವಿಚ್ ಹಾಕಿದ್ದೇವೆ. ಜೆಸಿಬಿ ಒಂದು ಕಡೆ ಕೇಬಲ್ ಹರಿದರೆ ಎರಡು-ಮೂರು ಟವರ್ ನಾಲ್ಕೈದು ನಿಮಿಷ ಕಾಣುವುದೇ ಇಲ್ಲ. ಇನ್ನೊಂದು ಕಡೆ ಹರಿದರೆ ಎಲ್ಲ ತಕ್ಷಣ ಬರುತ್ತವೆ, ಆದರೆ ಸ್ಪ್ಲೈಸ್ (ಕಡಿದ ಫೈಬರಿನ ಬೆಸುಗೆ) ಮುಗಿದು ಐದು ನಿಮಿಷಕ್ಕೆ ಕೆಲವು ಟವರ್ ಹೋಗುತ್ತವೆ. 50 ಮಿಲಿಸೆಕೆಂಡ್‌ನಲ್ಲಿ ಸರಿಯಾಗುತ್ತದೆ ಎಂದು ಹೇಳಿದ್ದರಲ್ಲ, ಸ್ವಿಚ್‌ಗಳನ್ನೇ ಬದಲಿಸಬೇಕೇ?

ಉತ್ತರ: ಬೇಡ. ರಿಂಗಿನ ಸ್ವಿಚ್‌ಗಳು ಸರಿಯಾಗಿಯೇ ಕೆಲಸ ಮಾಡುತ್ತಿವೆ. ತೆಗೆಯಬೇಕಾದದ್ದು ಸದ್ಯಕ್ಕೆಂದು ಹಾಕಿದ ಆ ಸಾದಾ ಸ್ವಿಚ್ ಒಂದನ್ನೇ.

ಈಥರ್ನೆಟ್ ಸುತ್ತು ಪೂರ್ತಿ ತೆರೆದಿದ್ದರೆ ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್ ಫ್ರೇಮ್‌ಗಳು (ಡೇಟಾದ ಕಂತೆಗಳು) ನಿಲ್ಲದೆ ಸುತ್ತಿ ನೆಟ್‌ವರ್ಕ್ ಕಟ್ಟಿಹೋಗುತ್ತದೆ. ಅದಕ್ಕೇ ಒಂದು ಲಿಂಕನ್ನು ಬೇಕೆಂದೇ ಮುಚ್ಚಿಡುತ್ತಾರೆ. ಅದು ಆರ್‌ಪಿಎಲ್ (ರಿಂಗ್ ಪ್ರೊಟೆಕ್ಷನ್ ಲಿಂಕ್); ಮುಚ್ಚಿ ತೆರೆಯುವ ಸ್ವಿಚ್ ಆರ್‌ಪಿಎಲ್ ಓನರ್. ಬೇರೆಲ್ಲೋ ಫೈಬರ್ ಕಡಿದಾಗ ಆ ತುಂಡಿನ ಎರಡು ತುದಿಯ ಸ್ವಿಚ್‌ಗಳು ತಮ್ಮ ಪೋರ್ಟ್ ಮುಚ್ಚಿ, ಆರ್-ಎಪಿಎಸ್ ಎಂಬ ಸಂದೇಶವನ್ನು ಬೆನ್ನುಬೆನ್ನಿಗೆ ಮೂರು ಸಲ, ಆಮೇಲೆ ಐದು ಸೆಕೆಂಡಿಗೊಮ್ಮೆ ಕಳಿಸುತ್ತವೆ. ಅದನ್ನು ಕಂಡ ಓನರ್ ಆರ್‌ಪಿಎಲ್ ತೆರೆಯುತ್ತದೆ. ಜೊತೆಗೆ ರಿಂಗಿನ ಎಲ್ಲ ಸ್ವಿಚ್‌ಗಳೂ ತಮ್ಮ ಮ್ಯಾಕ್ ಟೇಬಲ್, ಅಂದರೆ ಯಾವ ಉಪಕರಣ ಯಾವ ಪೋರ್ಟಿನ ಕಡೆ ಇದೆ ಎಂಬ ಪಟ್ಟಿಯನ್ನು ಅಳಿಸಿ ಹೊಸದಾಗಿ ಕಲಿಯುತ್ತವೆ. ಇಆರ್‌ಪಿಎಸ್‌ನ ಜಿ.8032 ಮಾನದಂಡದ 50 ಮಿಲಿಸೆಕೆಂಡ್ ಭರವಸೆಗೆ ಷರತ್ತುಗಳಿವೆ: 16ಕ್ಕಿಂತ ಕಡಿಮೆ ಸ್ವಿಚ್, 1200 ಕಿ.ಮೀ.ಗಿಂತ ಕಡಿಮೆ ಸುತ್ತಳತೆ, ಫೈಬರ್ ಕಡಿಯುವ ಮೊದಲು ರಿಂಗ್ ಸಹಜ ಸ್ಥಿತಿಯಲ್ಲಿರಬೇಕು.

ಪಟ್ಟಿ ಅಳಿಸುವ ಆ ಕೊನೆಯ ಹೆಜ್ಜೆಯಲ್ಲೇ ನಿಮ್ಮ ತೊಂದರೆ ಇದೆ. ಸಾದಾ ಸ್ವಿಚ್ ಆರ್-ಎಪಿಎಸ್ ಸಂದೇಶವನ್ನು ಈ ಕಡೆಯಿಂದ ಆ ಕಡೆ ದಾಟಿಸುತ್ತದೆ ಅಷ್ಟೆ, ಅದರ ಅರ್ಥ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ರಿಂಗ್ ತಿರುಗಿಕೊಂಡರೂ ಅದರ ಪಟ್ಟಿ ಹಳೆಯದೇ ಇರುತ್ತದೆ. ಸ್ಕಾಡಾ ಸರ್ವರ್ ಮತ್ತು ಒಂದು ಟವರ್ ಎರಡೂ ಅದರ ಎಡ ಪೋರ್ಟಿನ ಕಡೆಯೇ ಇದ್ದವು ಎಂದುಕೊಳ್ಳಿ. ಕೇಬಲ್ ಕಡಿದ ಮೇಲೆ ಆ ಟವರಿನ ದಾರಿ ಸಾದಾ ಸ್ವಿಚ್ಚಿನ ಬಲಕ್ಕೆ ಬಂತು. ಸರ್ವರ್ ಕಳಿಸಿದ ಫ್ರೇಮ್ ಎಡದಿಂದ ಬರುತ್ತದೆ, ಪಟ್ಟಿಯಲ್ಲಿ ಟವರ್ ಕೂಡ ಎಡಕ್ಕೇ ಇದೆ. ಬಂದ ಪೋರ್ಟಿಗೇ ವಾಪಸ್ ಕಳಿಸುವಂತಿಲ್ಲ, ಹಾಗಾಗಿ ಸ್ವಿಚ್ ಆ ಫ್ರೇಮನ್ನು ಬಿಸಾಡುತ್ತದೆ. ಟವರಿನ ಕಂಟ್ರೋಲರ್ ಕೇಳಿದಾಗ ಮಾತ್ರ ಉತ್ತರಿಸುವಂಥದು; ಪ್ರಶ್ನೆಯೇ ತಲುಪದಿದ್ದರೆ ಸುಮ್ಮನಿರುತ್ತದೆ. ಹಳೆಯ ನಮೂದು ತಾನಾಗಿ ಅಳಿಯಲು ಬಹುತೇಕ ಸ್ವಿಚ್‌ಗಳಲ್ಲಿ 300 ಸೆಕೆಂಡ್ ಬೇಕು. ನಿಮ್ಮ ನಾಲ್ಕೈದು ನಿಮಿಷ ಅದೇ. ನಡುವೆ ಟವರ್ ತಾನಾಗಿ ಒಂದು ಫ್ರೇಮ್ ಕಳಿಸಿದರೆ ಅಷ್ಟರಲ್ಲೇ ಸರಿಯಾಗುತ್ತದೆ. ಸದಾ ಚಿತ್ರ ಕಳಿಸುವ ಸಿಸಿಟಿವಿ ಕ್ಯಾಮೆರಾ ಬೇಗ ಬರುವುದೂ ಇದೇ ಕಾರಣಕ್ಕೆ.

ಸ್ಪ್ಲೈಸ್ ಆದ ಮೇಲಿನ ಐದು ನಿಮಿಷ ಬೇರೆ. ಲಿಂಕ್ ಬಂದರೂ ರಿಂಗ್ ತಕ್ಷಣ ಹಿಂತಿರುಗುವುದಿಲ್ಲ. ಕನೆಕ್ಟರ್ ಸಡಿಲವಿದ್ದು ಲಿಂಕ್ ಬಂದು-ಹೋಗಿ ಮಾಡಿದರೆ ಪ್ರತಿ ಸಲವೂ ರಿಂಗ್ ಹೊರಳಬಾರದೆಂದು ಓನರ್ ಕಾಯುತ್ತದೆ. ಈ ಡಬ್ಲ್ಯೂಟಿಆರ್ ಟೈಮರನ್ನು 1ರಿಂದ 12 ನಿಮಿಷದವರೆಗೆ ಇಡಬಹುದು, ಮೊದಲೇ ಇಟ್ಟಿರುವುದು 5. ಅದು ಮುಗಿದಾಗ ಓನರ್ ಆರ್‌ಪಿಎಲ್ ಮತ್ತೆ ಮುಚ್ಚುತ್ತದೆ, ದಾರಿಗಳು ಇನ್ನೊಮ್ಮೆ ಬದಲಾಗುತ್ತವೆ. ಆ ಹೊತ್ತಿಗೆ ಸಾದಾ ಸ್ವಿಚ್ಚಿನ ಪಟ್ಟಿ ತಪ್ಪಾಗಿದ್ದರೆ ಅದರಾಚೆಯ ಟವರ್‌ಗಳು ಮಾಯ. ಎರಡೂ ಐದೇ ನಿಮಿಷವಾದ್ದರಿಂದ ಕಾರಣ ಒಂದೇ ಅನ್ನಿಸುತ್ತದೆ. ಡಬ್ಲ್ಯೂಟಿಆರ್ ತಗ್ಗಿಸಿದರೆ ನಿಮಗೆ ಏನೂ ಲಾಭವಿಲ್ಲ, ಅದನ್ನು ಮುಟ್ಟಬೇಡಿ.

ಹೊಸ ಸ್ವಿಚ್ ಬರುವವರೆಗೆ ಮಾಡಬಹುದಾದದ್ದು: ಆ ಟವರಿನಲ್ಲಿ ಸಾದಾ ಸ್ವಿಚ್ಚನ್ನು ರಿಂಗಿನಿಂದ ಬಿಡಿಸಿ, ಎರಡೂ ಕಡೆಯ ಫೈಬರನ್ನು ಕಪ್ಲರ್ ಹಾಕಿ ನೇರ ಜೋಡಿಸಿ. ಖಾಲಿ ಕೋರ್ ಇದ್ದರೆ ಸಾದಾ ಸ್ವಿಚ್ಚನ್ನು ಪಕ್ಕದ ರಿಂಗ್ ಸ್ವಿಚ್ಚಿನ ಮಾಮೂಲು ಪೋರ್ಟಿಗೆ ಕವಲಾಗಿ ಕೊಡಿ. ಎರಡು ತುಂಡು ಸೇರಿ ಉದ್ದವಾದ್ದರಿಂದ ಬೆಳಕು ಸಾಲುತ್ತದೆಯೇ ನೋಡಿ: ಸ್ವಿಚ್ಚಿಗೆ ಚುಚ್ಚುವ ಫೈಬರ್ ಮಾಡ್ಯೂಲ್ ಗಿಗಾಬಿಟ್ ಎಲ್‌ಎಕ್ಸ್ ಎಸ್‌ಎಫ್‌ಪಿಯಾದರೆ ಬಂದು ಸೇರುವ ಬೆಳಕಿಗೆ ಮೈನಸ್ 19 ಡಿಬಿಎಂ ಕೊನೆಯ ಮಿತಿ, ಮೂರ್ನಾಲ್ಕು ಡಿಬಿ ಹೆಚ್ಚೇ ಇರಲಿ.

ಹೊಸ ಸ್ವಿಚ್ ಬಂದಾಗ ನೇರ ಟವರಿಗೆ ಒಯ್ಯಬೇಡಿ. ರಿಂಗ್ ಐಡಿ, ಕಂಟ್ರೋಲ್ ವಿಲ್ಯಾನ್ (ಆರ್-ಎಪಿಎಸ್ ಸಾಗುವ ಪ್ರತ್ಯೇಕ ನೆಟ್‌ವರ್ಕ್ ದಾರಿ), ಎರಡು ರಿಂಗ್ ಪೋರ್ಟ್, ಅವುಗಳಲ್ಲಿ ಎಸ್‌ಟಿಪಿ (ಸುತ್ತು ತಡೆಯುವ ಇನ್ನೊಂದು ವಿಧಾನ) ಬಂದ್, ಇಷ್ಟನ್ನು ಮೇಜಿನ ಮೇಲೇ ಮಾಡಿ ಉಳಿಸಿ, ಒಮ್ಮೆ ಆಫ್-ಆನ್ ಮಾಡಿ ಉಳಿದಿದೆಯೇ ನೋಡಿ. ಸುಟ್ಟದ್ದು ಓನರ್ ಆಗಿದ್ದರೆ ಆ ಪಾತ್ರವನ್ನೂ ಕೊಡಿ, ಆದರೆ ಒಂದು ರಿಂಗಿಗೆ ಓನರ್ ಒಂದೇ ಇರಬೇಕು. ಟವರಿನಲ್ಲಿ ಮೊದಲು ಒಂದೇ ಫೈಬರ್ ಚುಚ್ಚಿ, ಸ್ಥಿತಿ ಸರಿಯಿದ್ದರೆ ಎರಡನೆಯದು. ಸೆಟ್ಟಿಂಗ್ ಇಲ್ಲದ ಸ್ವಿಚ್ಚಿಗೆ ಎರಡೂ ಕೊಟ್ಟರೂ ಓನರ್ ಆರ್‌ಪಿಎಲ್ ಮುಚ್ಚಿರುವಷ್ಟು ಹೊತ್ತು ತೊಂದರೆ ಏನೂ ಕಾಣದು. ಅದೇ ಓನರ್ ಜಾಗವಾಗಿದ್ದರೆ ಸುತ್ತು ತೆರೆದು ಸೈಟ್ ಪೂರ್ತಿ ನಿಲ್ಲುತ್ತದೆ.

ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಡಬ್ಬಿ) ಎಲ್ಲಾದರೂ ಇದೆಯೇ ಎಂದೂ ಹುಡುಕಿ. ಫೈಬರ್ ಕಡಿದರೂ ಅದರ ತಾಮ್ರದ ಕಡೆ ಲಿಂಕ್ ಹಾಗೇ ಉರಿಯುತ್ತಿರಬಹುದು. ಆಗ ಸ್ವಿಚ್ಚಿಗೆ ಸುದ್ದಿಯೇ ಇಲ್ಲ, ರಿಪೇರಿಯಾಗುವವರೆಗೂ ಟವರ್‌ಗಳು ಬರುವುದಿಲ್ಲ. ಒಂದು ಕಡೆ ಲಿಂಕ್ ಹೋದರೆ ಇನ್ನೊಂದು ಕಡೆಯನ್ನೂ ಬೀಳಿಸುವ ಲಿಂಕ್ ಫಾಲ್ಟ್ ಪಾಸ್-ಥ್ರೂ ಗುಂಡಿಯನ್ನು ಕನ್ವರ್ಟರಿನಲ್ಲಿ ಆನ್ ಮಾಡಿ, ಅಥವಾ ರಿಂಗ್ ಪೋರ್ಟಿನಲ್ಲಿ 3.33 ಮಿಲಿಸೆಕೆಂಡಿಗೊಮ್ಮೆ ಲಿಂಕ್ ಜೀವಂತವೇ ಎಂದು ನೋಡುವ ಸಿಸಿಎಂ ಸಂದೇಶ ಹಾಕಿ. ಮೂರೂವರೆ ಅವಧಿ ಸಂದೇಶ ಬಾರದಿದ್ದರೆ, ಅಂದರೆ 12 ಮಿಲಿಸೆಕೆಂಡ್‌ನೊಳಗೆ, ಅದು ಲಿಂಕ್ ಹೋಯಿತೆಂದು ಹೇಳುತ್ತದೆ. ತಾಮ್ರದ ಗಿಗಾಬಿಟ್ ಪೋರ್ಟನ್ನು ರಿಂಗಿಗೆ ಬಳಸಿದ್ದರೆ ಲಿಂಕ್ ಹೋದದ್ದು ತಿಳಿಯಲು 750 ಮಿಲಿಸೆಕೆಂಡ್‌ವರೆಗೂ ಹಿಡಿಯಬಹುದು.

ಕೊನೆಗೆ ಪರೀಕ್ಷೆ. ವಿಂಡೋಸ್‌ನ ಮಾಮೂಲು ಪಿಂಗ್ ಸೆಕೆಂಡಿಗೊಂದು, ಅದರಲ್ಲಿ 50 ಮಿಲಿಸೆಕೆಂಡ್ ಕಾಣುವುದಿಲ್ಲ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ರೂಟ್ ಆಗಿ ಪಿಂಗ್ ಅಂತರವನ್ನು 10 ಮಿಲಿಸೆಕೆಂಡ್‌ಗೆ ಇಡಿ. ಹೋದ ಪಿಂಗ್‌ಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಎಷ್ಟು ಹೊತ್ತು ನಿಂತಿತೆಂದು ಸಿಗುತ್ತದೆ. ಗಾಳಿ ಕಡಿಮೆಯಿದ್ದು ಉತ್ಪಾದನೆ ಇಲ್ಲದ ಹೊತ್ತು ನೋಡಿ, ಪ್ರತಿ ಲಿಂಕಿನಲ್ಲೂ ಎಲ್‌ಸಿ ಪ್ಯಾಚ್ ಕಾರ್ಡ್ ಕಿತ್ತು ಹಾಕಿ. ಒಮ್ಮೆ ಎರಡೂ ಕೋರ್, ಇನ್ನೊಮ್ಮೆ ಕ್ಲಿಪ್ ಬಿಡಿಸಿ ಒಂದೇ ಕೋರ್. ಆಟೊ ನೆಗೋಶಿಯೇಷನ್ (ಎರಡು ತುದಿಗಳ ಸ್ವಯಂ ಹೊಂದಾಣಿಕೆ) ಬಂದ್ ಆಗಿರುವ ಪೋರ್ಟಿನಲ್ಲಿ ಒಂದೇ ಕೋರ್ ಹೋದರೆ ಒಂದು ತುದಿ ಲಿಂಕ್ ಇದೆ ಎಂದೇ ತೋರಿಸುತ್ತಿರುತ್ತದೆ. ಕಿತ್ತ ಕನೆಕ್ಟರಿನ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ. ವಾಪಸ್ ಚುಚ್ಚುವ ಮುನ್ನ ಒರೆಸಿ, ಮತ್ತು ಮುಂದಿನ ಲಿಂಕಿಗೆ ಹೋಗುವ ಮೊದಲು ಡಬ್ಲ್ಯೂಟಿಆರ್ ಮುಗಿದು ರಿಂಗ್ ಸಹಜ ಸ್ಥಿತಿಗೆ ಬರಲು ಬಿಡಿ.