ಡೈ ಆಮೇಲೆ ನೋಡಿ, ಮೊದಲು ದೀಪದ ಬಿಸಿ ಅಳೆಯಿರಿ

ಎಂಆರ್‌ಎಸ್‌ಎ (ಹಲವು ಆಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫ್ ಬ್ಯಾಕ್ಟೀರಿಯಾ) ಮೇಲೆ ಡೈ ಹಾಕಿ ಬೆಳಕಿನಿಂದ ಸಾಯಿಸುವ ಪ್ರಯೋಗಕ್ಕೆ ಮೀಥಿಲೀನ್ ಬ್ಲೂ ಅನ್ನೋ ನೀಲಿ ಡೈ ತಗೊಳ್ಳಲಾ, ಅರಿಶಿನದ ಕರ್ಕ್ಯುಮಿನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನಾನೂ ಇದೇ ತಲೆಬಿಸಿಯಲ್ಲಿ ಒಂದು ತಿಂಗಳು ಕಳೆದೆ. ಕೊನೆಗೆ ನನ್ನ ಪ್ರಾಜೆಕ್ಟ್ ಹಾಳು ಮಾಡಿದ್ದು ದೀಪ.

ಮೀಥಿಲೀನ್ ಬ್ಲೂ ಲ್ಯಾಬಿನಲ್ಲೇ ಇತ್ತು. ಅದು 660 ನ್ಯಾನೋಮೀಟರ್ ಆಸುಪಾಸಿನ ಕೆಂಪು ಬೆಳಕು ಹೀರಿ, ಆ ಶಕ್ತಿಯನ್ನು ಪಕ್ಕದ ಆಕ್ಸಿಜನ್‌ಗೆ ದಾಟಿಸುತ್ತದೆ. ಕೆರಳಿದ ಆಕ್ಸಿಜನ್ ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನು, ಡಿಎನ್‌ಎ ಅಂತ ಸಿಕ್ಕಿದ್ದನ್ನೆಲ್ಲ ಹಾಳು ಮಾಡುತ್ತದೆ. ಔಷಧಿಗೆ ಬಗ್ಗದ ತಳಿಯೂ ಅದಕ್ಕೇ ಸಾಯುತ್ತದೆ. ಎಲ್‌ಇಡಿಗೆ ದುಡ್ಡಿರಲಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಿಂದ 150 ವ್ಯಾಟಿನ ಹ್ಯಾಲೊಜೆನ್ ತಂದು, ಮುಂದೆ ಕೆಂಪು ಫಿಲ್ಟರ್ ಕಟ್ಟಿ, ಒಂದು ಗೇಣು ಕೆಳಗೆ ಬ್ಯಾಕ್ಟೀರಿಯಾ, ಡೈ ಹಾಕಿದ 96 ವೆಲ್ (ಸಣ್ಣ ಗುಳಿ) ಪ್ಲೇಟ್ ಇಟ್ಟೆ. ಅರ್ಧ ಗಂಟೆ. ಮರುದಿನ ನೋಡಿದರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ, ಅಂದರೆ ಕಾಲೊನಿ, ಒಂದೂ ಇಲ್ಲ! ಎಷ್ಟು ಖುಷಿಯಾಯಿತು ಗೊತ್ತಾ.

ತಪ್ಪಾಗಿದ್ದು ಇಲ್ಲಿ. ಡೈ ಇಲ್ಲ, ಬೆಳಕೂ ಇಲ್ಲ ಅನ್ನೋ ಪ್ಲೇಟ್ ಇಟ್ಟಿದ್ದೆ. ಡೈ ಹಾಕಿ ಕತ್ತಲಲ್ಲಿಟ್ಟ ಪ್ಲೇಟೂ ಇತ್ತು. ಡೈ ಇಲ್ಲದೆ ಬರೀ ಬೆಳಕು ಕೊಟ್ಟ ಪ್ಲೇಟ್ ಇಡಲಿಲ್ಲ, ಸುಮ್ನೆ ಬೆಳಕಿಗೆ ಯಾವ ಬ್ಯಾಕ್ಟೀರಿಯಾ ಸಾಯುತ್ತದೆ ಅಂದುಕೊಂಡೆ. ಪ್ರತಿ ಸಲ ವೆಲ್‌ಗಳ ಗೋಡೆ ಮೇಲೆ ಸಣ್ಣ ನೀಲಿ ಗೆರೆ ಉಳಿಯುತ್ತಿತ್ತು. ನೀರು ಆರಿ, ಇಳಿದು ಬಿಟ್ಟ ಗುರುತು ಅದು. ಮೂರು ತಿಂಗಳು ದಿನಾ ನೋಡಿದೆ, ಯಾಕೆ ಅಂತ ಕೇಳಿಕೊಳ್ಳಲಿಲ್ಲ. ವೈವಾದಲ್ಲಿ ಹೊರಗಿನಿಂದ ಬಂದ ಮೇಡಂ ಕೇಳಿದ್ದು ಒಂದೇ, "ಬರೀ ದೀಪದ ಪ್ಲೇಟ್ ಎಲ್ಲಿದೆಯಮ್ಮಾ?" ವಾಪಸ್ ಹೋಗಿ ಮಾಡಿದೆ. ಡೈ ಇಲ್ಲದೆಯೂ ಎಲ್ಲ ಸತ್ತಿದ್ದವು. ವೆಲ್ ಒಳಗೆ 57 ಡಿಗ್ರಿ! ನಾನು ಮೂರು ತಿಂಗಳು ಬ್ಯಾಕ್ಟೀರಿಯಾ ಬೇಯಿಸಿದ್ದೆ.

1900ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್ ಅಕ್ರಿಡಿನ್ ಅನ್ನೋ ಡೈ ಹಾಕಿ ಪ್ಯಾರಮೀಸಿಯಂ ಅನ್ನೋ ಏಕಕೋಶ ಜೀವಿಯನ್ನು ಸಾಯಿಸುವಾಗಲೇ ಬರೀ ಬೆಳಕು, ಬರೀ ಡೈ ಎರಡನ್ನೂ ಬೇರೆ ಮಾಡಿ ನೋಡಿದ್ದ. ನನಗೆ ಅದನ್ನು ಓದಿದಾಗ ಅಳು ಬಂದಿತ್ತು.

ಹಾಗಾಗಿ ಯಾವ ಡೈ ಅನ್ನೋ ಪ್ರಶ್ನೆ ಈಗ ಬೇಡ. ಲ್ಯಾಬಲ್ಲಿರೋ ಮೀಥಿಲೀನ್ ಬ್ಲೂ ಸಾಕು. ಎಂಆರ್‌ಎಸ್‌ಎ ಕೂಡ ಈಗಲೇ ಬೇಡ, ಮಾಮೂಲಿ ಸ್ಟ್ಯಾಫ್‌ನಿಂದ ಶುರು ಮಾಡಿ. ಇ. ಕೋಲೈ ಬ್ಯಾಕ್ಟೀರಿಯಾದಿಂದ ಬೇಡ, ಅದಕ್ಕೆ ಹೊರಗೊಂದು ಪೊರೆ ಜಾಸ್ತಿ ಇದೆ, ಅಷ್ಟು ಸುಲಭಕ್ಕೆ ಸಾಯಲ್ಲ. ಇನ್ನು ಇದು ಆಂಟಿಬಯಾಟಿಕ್ ಬದಲಿಗೆ ಬರುತ್ತದೆ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪಲ್ಲ. ಗಾಯಕ್ಕೆ, ವಸಡಿಗೆ ಬೆಳಕು ಹಿಡಿಯಬಹುದು, ರಕ್ತಕ್ಕೆ ಹಬ್ಬಿದ ಸೋಂಕಿಗೆ ಎಲ್ಲಿಂದ ಹಿಡಿಯುತ್ತೀರಿ?

ಕೆಂಪು ಎಲ್‌ಇಡಿ ತಗೊಳ್ಳಿ, ಪಕ್ಕದಲ್ಲಿ ಸಣ್ಣ ಫ್ಯಾನ್ ಇಡಿ. ಒಂದು ವೆಲ್‌ನಲ್ಲಿ ಬರೀ ನೀರು ಹಾಕಿ ಥರ್ಮಾಮೀಟರಿನ ತಂತಿ ಇಳಿಸಿ, ಐದೈದು ನಿಮಿಷಕ್ಕೆ ಬರೆದಿಡಿ. 37 ದಾಟಿದರೆ ದೀಪ ಮೇಲೆತ್ತಿ.